ಹಳೆಯ ಆವೃತ್ತಿಯಲ್ಲಿ ನಿಂತ ಊರು

ಮನೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಯಜಮಾನರಿಗೆ,

ಬೆನ್ನುನೋವು ಹೇಗಿದೆ? ಲಿಫ್ಟ್ ರಿಪೇರಿಗೆಂದು ಗುಂಡಿಯೊಳಗೆ ಬಗ್ಗುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀರೋ, ಇಲ್ಲ ಅದಿನ್ನೂ ಪೆಟ್ಟಿಗೆಯಲ್ಲೇ ಮಲಗಿದೆಯೋ? ಇಲ್ಲಿ ನಾನು, ಅತ್ತೆ ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಮಾತಾಡಿದರೆ ಜಗಳಕ್ಕೇ ತಿರುಗುತ್ತದೆ, ಪತ್ರವೇ ವಾಸಿ ಎಂದು ನಿಯಮ ಮಾಡಿದವರು ನೀವೇ. ಹಾಗಾಗಿ ಕೊನೆಯವರೆಗೂ ಓದಬೇಕು.

ನಿಮ್ಮ ಎರಡು ಪುಟದ ಪತ್ರದಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಆ ವೆಲ್ಡರ್ ಹುಡುಗಿ ಏಳು ಸಲ ಬಂದಿದ್ದಾಳೆ. ನಾನು ಎರಡು ಸಲ, ಅದರಲ್ಲೊಂದು ಲಕೋಟೆಯ ಮೇಲೆ. ಕೆಲಸ ಮುಗಿದ ಮೇಲೆ ಅವಳೊಂದಿಗೆ ಕೂತು, ಊರು ಕಟ್ಟುವ ನಮ್ಮ ಕಂಪ್ಯೂಟರ್ ಆಟದ ಹೊಸ ಆವೃತ್ತಿಯನ್ನು ಆಟದ ಕಂಪನಿಯ ಸರ್ವರಿನಲ್ಲಿ ಆಡುತ್ತೀರಂತೆ. ಅಲ್ಲಿ ಹೊಸ ಗುಹೆಗಳಂತೆ, ಹಿಮಕರಡಿಗಳಂತೆ, ಇಬ್ಬರೂ ಸೇರಿ ಸೇತುವೆ ಕಟ್ಟಿದಿರಂತೆ. ಸಂತೋಷ. ಸಾಲದ್ದಕ್ಕೆ “ನಿನ್ನ ಸರ್ವರ್ ಇನ್ನೂ ಹಳೇದರಲ್ಲೇ ಕೂತಿದೆಯಾ? ಇಲ್ಲಿ ಬಿಡುಗಡೆಯಾದ ದಿನಾನೇ ಬಂತು” ಎಂದು ಚುಚ್ಚಿದ್ದೀರಿ. ನನಗೆ ಹೊಟ್ಟೆಕಿಚ್ಚು, ಮುಚ್ಚಿಟ್ಟು ಏನು ಪ್ರಯೋಜನ? ಅವಳ ಮುಖ ಕಂಡವಳಲ್ಲ ನಾನು. ಆದರೂ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುವಾಗ ಆ ಸೇತುವೆಯೇ ಕಣ್ಣಮುಂದೆ ಬಂದು, ಮೊನ್ನೆ ಒಬ್ಬ ಮೇಷ್ಟರ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿಬಿಟ್ಟೆ.

ನಾನು ನಡೆಸುವ ನಮ್ಮ ಸರ್ವರ್ ಏಕೆ ತಡ ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಅವಳಿಗೆ ಓದಿ ಹೇಳಿ. ನಮ್ಮ ಊರು ಬರೀ ಕಂಪನಿ ಕೊಟ್ಟ ಆಟದ ಮೇಲೆ ನಿಂತಿಲ್ಲ, ಯಾರ್ಯಾರೋ ಬರೆದು ಪುಕ್ಕಟೆ ಹಂಚಿದ ನಲವತ್ತೊಂದು ಮಾಡ್‌ಗಳ, ಅಂದರೆ ಆಟಕ್ಕೆ ಸೇರಿಸುವ ಹೆಚ್ಚುವರಿ ತುಣುಕುಗಳ, ಮೇಲೆ ನಿಂತಿದೆ. ಗಾಳಿಯಂತ್ರ ಒಬ್ಬರದು, ರೈಲು ಇನ್ನೊಬ್ಬರದು, ಅತ್ತೆ ಸಾಕಿರುವ ಬಾತುಕೋಳಿಗಳು ಮತ್ತೊಬ್ಬರದು. ಕಂಪನಿ ಆಟದ ಒಳಗನ್ನು ಬದಲಾಯಿಸಿದ ದಿನ ಇವುಗಳ ಹಿಡಿತ ತಪ್ಪುತ್ತದೆ. ಗಿರಾಕಿ ಹೊಸ ಫ್ರೇಮು ಆರಿಸಿಕೊಂಡರೆ ಹಳೆಯ ಗಾಜು ತಾನಾಗಿ ಕೂರುತ್ತದೆಯೇ? ಅಂಚು ಉಜ್ಜಬೇಕು. ಮೊದಲು ಮಾಡ್‌ಗಳನ್ನು ಆಟಕ್ಕೆ ಜೋಡಿಸುವ ಲೋಡರ್ ಹೊಸದಾಗಬೇಕು, ಆಮೇಲೆ ಒಂದೊಂದೇ ಮಾಡ್. ಬರೆದವರಿಗೆ ಸಂಬಳವಿಲ್ಲ. ರೈಲಿನವರು ಹಗಲೆಲ್ಲ ಬಸ್ ಓಡಿಸುತ್ತಾರೆ, ಬಾತುಕೋಳಿಯವರಿಗೆ ಪರೀಕ್ಷೆ. ಅವಸರ ಮಾಡಲು ನಾವ್ಯಾರು? ಯಾವುದೋ ಒಂದು ಬಾರದಿದ್ದರೂ ಎಲ್ಲರೂ ಕಾಯಬೇಕು, ಏಕೆಂದರೆ ಅದನ್ನು ಬಿಟ್ಟು ಊರು ತೆರೆದರೆ ಅದರಿಂದ ಕಟ್ಟಿದ್ದೆಲ್ಲ ಮಾಯವಾಗುತ್ತದೆ. ಮೇಲಾಗಿ ಊರಿನಲ್ಲಿ ಆಡುವ ಹನ್ನೊಂದು ಜನರ ಕಂಪ್ಯೂಟರಿನಲ್ಲೂ ಒಂದೇ ಆವೃತ್ತಿ ಇರಬೇಕು, ಇಲ್ಲವಾದರೆ ಸರ್ವರ್ ಒಳಗೇ ಬಿಡದು. ಅವಳಿಗೇನು ಕಾಟ? ಗುಂಡಿ ಒತ್ತಿದಳು, ಒಳಗೆ ಹೋದಳು.

ನಿಮ್ಮ ತಮ್ಮ ದಿನಾ ಅಂಗಡಿಗೆ ಬಂದು “ಅತ್ತಿಗೆ, ನಾವು ಹಳೇದರಲ್ಲೇ ಕೊಳೀಬೇಕಾ?” ಎಂದು ತಲೆ ತಿನ್ನುತ್ತಾನೆ. ಹೋದ ವಾರ ಇಬ್ಬರು ಬೇಸತ್ತು ಕಂಪನಿಯ ಸರ್ವರಿಗೇ ಹೊರಟುಹೋದರು. ಹೀಗೇ ಆದರೆ ನಾಲ್ಕು ವರ್ಷ ಕಟ್ಟಿದ ಊರಿನಲ್ಲಿ ನಾನು, ಅತ್ತೆ, ಬಾತುಕೋಳಿಗಳು ಮಾತ್ರ ಉಳಿಯುತ್ತೇವೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ನಿಮ್ಮ ಸೇತುವೆಗೂ ನನ್ನ ನಮಸ್ಕಾರ ತಿಳಿಸಿ.

ಇಷ್ಟಾದರೂ ನಿಮ್ಮವಳೇ ಆದ,
ಹೆಂಡತಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನಲವತ್ತು ಮಾಡ್‌ಗಳು ಹೊಸದಾಗಿ ಬಂದು ಮೂರು ವಾರವಾಯಿತು. ಬಾರದಿರುವುದು ಲಿಫ್ಟಿನದು, ಮದುವೆಯಾದ ವರ್ಷ ನೀವು ಬರೆದದ್ದು. ತಿದ್ದಲು ನಿಮಗೆ ಎರಡು ಸಂಜೆ ಸಾಕು. ಆ ಸಂಜೆಗಳು ಎಲ್ಲಿ ಹೋಗುತ್ತಿವೆ ಎಂದು ನಾನು ಬರೆಯಬೇಕಾಗಿಲ್ಲ. ನೀವು ಅಡ್ಡಹೆಸರಿನಲ್ಲಿ ಹಂಚಿದ್ದರಿಂದ ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಭಾನುವಾರದವರೆಗೆ ಕಾಯುತ್ತೇನೆ, ಆಮೇಲೆ ಅದನ್ನು ಬಿಟ್ಟೇ ಊರು ತೆರೆಯುತ್ತೇನೆ. ಆ ಊರಿನ ಹನ್ನೆರಡನೇ ಮಹಡಿಯ ನಮ್ಮ ಮನೆಗೆ ನಾನೊಬ್ಬಳೇ ಮೆಟ್ಟಿಲು ಕಟ್ಟಿಕೊಳ್ಳುತ್ತೇನೆ. ಬರೆದವರಿಗೆ ಹುಷಾರಿಲ್ಲ ಎಂದು ಎಲ್ಲರಿಗೂ ಸುಳ್ಳು ಹೇಳಿಟ್ಟಿದ್ದೇನೆ. ಅತ್ತೆ ದಿನಾ ಬೆಳಿಗ್ಗೆ ಕೇಳುತ್ತಾರೆ, “ಪಾಪ, ಆ ಲಿಫ್ಟಿನವರಿಗೆ ವಾಸಿಯಾಯ್ತಂತೇನಮ್ಮ?” ಏನು ಹೇಳಲಿ?