ತ್ರೀ ಫೇಸಿನ ಕೈ

ಶ್ರೀರಾಮನಗರ
೧೪-೯-೧೯೮೫

ಪ್ರೀತಿಯ ಮುಮ್ತಾಜ್,

ಕುಷ್ಟಗಿಯಿಂದ ನೀನು ಬರೆದ ಮೂರೂ ಕಾಗದ ಮುಟ್ಟಿವೆ. ಮೂರನೆಯದರಲ್ಲಿ "ಇದ್ದೀಯೋ ಇಲ್ಲವೋ?" ಎಂಬ ಒಂದೇ ಸಾಲು ಇತ್ತು. ಇದ್ದೇನೆ ತಾಯಿ. ಐದು ತಿಂಗಳು ಉತ್ತರ ಬರೆಯದ್ದಕ್ಕೆ ನಿನಗೆ ಸಮಾಧಾನ ಆಗುವಷ್ಟು ಬೈದುಕೋ, ಆಮೇಲೆ ಕಾರಣ ಕೇಳು.

ಯುಗಾದಿಯ ಮುಂದೆ ನಮ್ಮವರಿಗೆ ಲಕ್ವಾ ಹೊಡೆಯಿತು. ಬಲಗೈ ಭುಜದಿಂದ ಬೆರಳ ತುದಿಯವರೆಗೆ ಜೋತುಬಿತ್ತು. ಕಾಲು ಉಳಿಯಿತು, ಬಾಯಿಯೂ ಉಳಿಯಿತು. ಬಾಯಿ ಒಂದಿಷ್ಟು ಕಮ್ಮಿಯಾಗಿದ್ದರೆ ನಡೆಯುತ್ತಿತ್ತು ಎಂದು ಹೆತ್ತ ತಾಯಿಯೇ, ನಮ್ಮ ಅತ್ತೆ ಮುದಕಮ್ಮನೇ, ಅಂದರು. ಆದರೆ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಅವರದು. ಚಕ್ರ ತಿರುಗಿಸಲಾರದ ಗೇಟ್‌ಮನ್ ಯಾರಿಗೆ ಬೇಕು? ಆರು ತಿಂಗಳೊಳಗೆ ಸರಕಾರಿ ಡಾಕ್ಟರ ಮುಂದೆ ಆ ಕೈಯನ್ನು ಭುಜದ ಮಟ್ಟಕ್ಕೆ ಎತ್ತಿ ತೋರಿಸಬೇಕು, ಇಲ್ಲದಿದ್ದರೆ ನೌಕರಿ ಬಿಡಬೇಕು ಎಂದು ಕಚೇರಿಯಿಂದ ಕಾಗದ ಬಂತು.

ಗಂಗಾವತಿಯಲ್ಲಿ ಇಂಥವರಿಗೆ ಕರೆಂಟ್ ಕೊಟ್ಟು ವ್ಯಾಯಾಮ ಮಾಡಿಸುವ ಡಾಕ್ಟರೊಬ್ಬರು ಬಂದಿದ್ದಾರೆ. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ಕೈ ಕೆಟ್ಟಿಲ್ಲ, ಮೆದುಳು ಕೈಗೆ ಹೋಗುವ ದಾರಿ ಮರೆತಿದೆ. ಕರೆಂಟ್ ಬೆರಳನ್ನು ಎತ್ತುವಾಗ ನೀವೂ ಮನಸ್ಸಿನಲ್ಲಿ 'ಏಳು' ಅನ್ನುತ್ತಿರಬೇಕು, ಆಗ ಮೆದುಳು ಮತ್ತೆ ಕಲಿಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ನಮ್ಮವರು ಸುಮ್ಮನಿರಬೇಕಲ್ಲ?

"ಹಂಗಾದ್ರ ನೆಟ್ಟಗ ತಲಿಗೇ ಕೊಡ್ರಿ. ಮ್ಯಾಲಿನ ಗೇಟು ಎತ್ತಿದ್ರ ಕೆಳಗಿನ ಹೊಲಕ್ಕ ನೀರು ತಾನ ಹೋಗತೈತಿ."

ಡಾಕ್ಟರು ನಕ್ಕುಬಿಟ್ಟರು. ತಲೆ ಕೊಯ್ಯದೆ ಹೊರಗಿನಿಂದಲೇ ಮೆದುಳಿಗೆ ಕರೆಂಟ್ ಮುಟ್ಟಿಸುವುದನ್ನು ಪರದೇಶದಲ್ಲಿ ಈಗ ಪರೀಕ್ಷೆ ಮಾಡುತ್ತಿದ್ದಾರಂತೆ. "ನಮ್ಮ ಹತ್ರ ಸದ್ಯಕ್ಕೆ ಇಷ್ಟೇ ಇದೆ" ಎಂದು ಒಂದು ಹಳೆಯ ಪೆಟ್ಟಿಗೆ ಕೊಟ್ಟು ಕಳಿಸಿದರು. ಕೆಂಪು ದೀಪ, ಒಂದು ತಿರುಗಣಿ, ಕೈಗೆ ಕಟ್ಟುವ ಎರಡು ಒದ್ದೆ ಪಟ್ಟಿ.

ಪಟ್ಟಿ ಕಟ್ಟಿದ ಕೂಡಲೇ, ತಮಗೂ ಶಾಕ್ ಹೊಡೆದೀತೆಂದು ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಚಹಾದ ಲೋಟ ಕಟ್ಟಿಗೆಯ ಮಣೆಯ ಮೇಲಿಟ್ಟು, ಮಣೆಯನ್ನು ಕೋಲಿನಿಂದ ಮಗನ ಕಡೆಗೆ ನೂಕುತ್ತಿದ್ದರು. "ಬಾಲಪ್ಪಾ, ಹಿಡ್ಕೋ. ನನ್ನ ಕಡೆ ಮಾತ್ರ ಕೈ ಚಾಚಬ್ಯಾಡ!" ಚಾಚಲು ಕೈ ಎಲ್ಲಿ ಏಳುತ್ತಿತ್ತು?

ಇದಕ್ಕಿಂತ ದೊಡ್ಡ ಫಜೀತಿ ಬೇರೆ. ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಹಗಲು ನಾಲ್ಕು ತಾಸು ಮಾತ್ರ. ಉಳಿದ ಹೊತ್ತು ದೀಪ ಉರಿಯುತ್ತದೆ, ಅಕ್ಕಿ ಗಿರಣಿ ತಿರುಗುವುದಿಲ್ಲ. ನಮ್ಮವರು ಅದರ ಮೇಲೆ ತಮ್ಮದೇ ಶಾಸ್ತ್ರ ಕಟ್ಟಿದರು. "ಸಿಂಗಲ್ ಫೇಸಿಗೆ ಬೆರಳು ಎದ್ದಾವು. ಭುಜ ಏಳಬೇಕಂದ್ರ ತ್ರೀ ಫೇಸೇ ಬೇಕು." ಪೆಟ್ಟಿಗೆಗೆ ಒಂದು ಬಲ್ಬಿನಷ್ಟು ಕರೆಂಟ್ ಸಾಕು ಎಂದು ನಾನು ಹೇಳಿ ಹೇಳಿ ಸೋತೆ. "ನೀ ಸಾಲ್ಯಾಗ ಮಗ್ಗಿ ಕಲಸು ಹೋಗು" ಅಂದರು. ಹಿತ್ತಲಾಚೆಯ ಗಿರಣಿ ಗುಂಯ್ ಅಂದರೆ "ಬಂತು, ಕಟ್ಟು!" ಅನ್ನುವುದು, ಗಿರಣಿ ನಿಂತರೆ ಕೈಯನ್ನೂ ಮಲಗಿಸುವುದು. ಹೀಗೆ ನಾಲ್ಕು ತಿಂಗಳಾದರೂ ಮೊಣಕೈ ತೊಡೆ ಬಿಟ್ಟು ಮೇಲೇಳಲಿಲ್ಲ.

ಶ್ರಾವಣದಲ್ಲಿ ಒಂದು ರವಿವಾರ ಗಿರಣಿ ಬೆಳಗಿನಿಂದಲೂ ನಿಲ್ಲದೆ ಗುಂಯ್‌ಗುಡುತ್ತಿತ್ತು. "ಇವತ್ತ ಭರ್ಜರಿ ಐತಿ!" ಎಂದು ಪಟ್ಟಿ ಕಟ್ಟಿಸಿಕೊಂಡು ಕೂತರು. ತಾಸಿನ ಮೇಲೆ ತಾಸು, ಬೆವರಿಳಿಯುವ ತನಕ "ಏಳು, ಏಳು" ಅಂದರು. ಸಂಜೆಯ ಹೊತ್ತಿಗೆ ಕೈ ನಡುಗುತ್ತಾ ಎದೆಯ ಮಟ್ಟಕ್ಕೆ ಎದ್ದಿತು! ನಾನು ಕುಣಿಯಬೇಕು ಅನ್ನುವಷ್ಟರಲ್ಲಿ ಪೆಟ್ಟಿಗೆ ಕಂಡಿತು. ಕೆಂಪು ದೀಪ ಉರಿಯುತ್ತಿರಲಿಲ್ಲ.

"ಜುಮ್ ಅನ್ನಾಕ ಹತ್ತೇತೇನ್ರಿ?" ಎಂದೆ ಮೆಲ್ಲಗೆ.

"ತ್ರೀ ಫೇಸ್ ಜುಮ್ ಅನ್ನಂಗಿಲ್ಲ. ಮೆತ್ತಗ ಒಳಗ ಇಳಿತೈತಿ" ಅಂದರು.

ಅಷ್ಟರಲ್ಲಿ ಗಿರಣಿಯ ಹುಲಿಗೆಪ್ಪ ಬಾಗಿಲಿಗೆ ಬಂದ. "ಅಕ್ಕೋರ, ಮುಂಜಾನಿಯಿಂದ ಊರಾಗ ಕರೆಂಟ್ ಇಲ್ಲಲ್ರಿ, ನಮ್ಮ ಮಾಲಕರು ಡೀಸೆಲ್ ಇಂಜಿನ್..." ಮುಂದೆ ಹೇಳಲು ಬಿಡಲಿಲ್ಲ. ಹೊರಗೆ ಕರೆದೊಯ್ದು ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟು ಬಾಯಿ ಕಟ್ಟಿದೆ. ಡಾಕ್ಟರಿಗೆ ಗುಟ್ಟಾಗಿ ಹೇಳಿದಾಗ ಅವರಿಗೂ ಖುಷಿಯೇ. ಕರೆಂಟ್ ಬರೀ ಆಸರೆ, ನಿಜವಾದ ಔಷಧ ಆ ದಿನದ ದುಡಿತ. ಇನ್ನೂ ಸ್ವಲ್ಪ ದಿನ ಬಾಯಿ ಬಿಡಬೇಡಿ ಅಂದರು. ಅಂದಿನಿಂದ ನಾನು ಪೆಟ್ಟಿಗೆಯ ಸ್ವಿಚ್ಚನ್ನೇ ಒತ್ತಿಲ್ಲ, ದೀಪದ ಮೇಲೆ ಒಂದು ಕರವಸ್ತ್ರ ಹೊದಿಸಿಟ್ಟೆ. ಕರೆಂಟ್ ಬಂದ ಮೇಲೂ ಗಿರಣಿಯವರು ಇಂಜಿನ್ ಬಿಡಲಿಲ್ಲ, ಅದು ಇಡೀ ದಿನ ಓಡುತ್ತಿತ್ತು, ಇವರೂ ಇಡೀ ದಿನ ದುಡಿದರು.

ಮೊನ್ನೆ ಬುಧವಾರ ಪರೀಕ್ಷೆ. ಸರಕಾರಿ ಡಾಕ್ಟರು "ಕೈ ಎತ್ತಿ" ಅಂದರೆ ಇವರು ಗೋಡೆಯ ಸ್ವಿಚ್ಚುಗಳನ್ನು ನೋಡುತ್ತಾ, "ಇಲ್ಲಿ ತ್ರೀ ಫೇಸ್ ಐತೇನ್ರಿ?" ಅಂದರು. ಡಾಕ್ಟರು ಮಿಕಿಮಿಕಿ ನೋಡಿದರು. ನಾನು ಬಾಗಿಲಲ್ಲಿ ನಿಂತು, ತರಗತಿಯಲ್ಲಿ ಕೂಗುವಂತೆ "ಐತಿ, ಎತ್ರಿ!" ಎಂದು ಕೂಗಿಬಿಟ್ಟೆ. ಕೈ ಭುಜವನ್ನೂ ದಾಟಿ ಕಿವಿಯ ತನಕ ಹೋಯಿತು. ಸೋಮವಾರದಿಂದ ಡ್ಯೂಟಿ.

ನಿನ್ನ ಮಕ್ಕಳಿಬ್ಬರೂ ಚೆನ್ನಾಗಿ ಓದಿ ನಿನಗಿಂತ ದುಂಡಾದ ಅಕ್ಷರ ಬರೆಯಲಿ, ಇದು ನನ್ನ ಆಶೀರ್ವಾದ. ಅಮ್ಮಿಗೆ ಸಲಾಂ ಹೇಳು.

ನಿನ್ನ
ಪಕೀರಮ್ಮ

ತಾ. ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಹೋದ ವರ್ಷ ನನ್ನ ಕಣ್ಣಿನ ಕೆಳಗಿನ ಕಪ್ಪು ಕಲೆ ನೋಡಿ ನೀನು ಕೇಳಿದಾಗ ಬಸ್ಸಿನಿಂದ ಬಿದ್ದೆ ಅಂದಿದ್ದೆ. ಅದು ಸುಳ್ಳು, ಮುಮ್ತಾಜ್. ಅದು ಆ ಬಲಗೈಯ ಕೆಲಸ. ಹನ್ನೊಂದು ವರ್ಷದಿಂದ ನಡೆದದ್ದು. ಲಕ್ವಾ ಹೊಡೆದ ದಿನ ಆ ಕೈ ಜೋತುಬಿದ್ದದ್ದು ನೋಡಿ ನನಗೆ ಮೊದಲು ಅಳು ಬರಲಿಲ್ಲ, ನೆಮ್ಮದಿ ಆಯಿತು. ಆಮೇಲೆ ಅದಕ್ಕಾಗಿ ನಾಚಿಕೊಂಡೆ. ಬುಧವಾರ ಮನೆಗೆ ಬಂದ ಮೇಲೆ ಅವರು "ನಿನ್ನಿಂದ ಎದ್ದೈತಿ ಇದು" ಎನ್ನುತ್ತಾ ನನ್ನ ಕೆನ್ನೆ ಸವರಲು ಅದನ್ನು ಎತ್ತಿದರು. ನಾನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತುಬಿಟ್ಟೆ. ಅವರ ಮುಖ ಬಿಳುಚಿತು. "ಹೊಡ್ಯಾಕಲ್ಲ ಪಕೀರಿ" ಅಂದರು. "ಗೊತ್ತೈತ್ರಿ" ಅಂದೆ. ಗೊತ್ತಿತ್ತು. ಆದರೂ ನನ್ನ ಕೈಗಳು ಕೆಳಗೆ ಇಳಿಯಲಿಲ್ಲ.