ನನ್ನ ಅಜ್ಜಿಯನ್ನು ಅವಳ ಅಣ್ಣನಿಗೇ ಮದುವೆ ಮಾಡಿಸಿದ ಪತ್ರಾಗಾರಕ್ಕೆ

ವಿಶ್ವವಿದ್ಯಾನಿಲಯದ ಪತ್ರಾಗಾರವನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನನ್ನ ಅಜ್ಜಿ ಕಿನ್ನಿ ತೀರಿಕೊಂಡು ಐವತ್ತು ವರ್ಷದ ಮೇಲಾಯಿತು. ಬದುಕಿದ್ದಾಗ ಅವಳಿಗೆ ಆದದ್ದು ಒಂದೇ ಮದುವೆ. ಸತ್ತ ಮೇಲೆ ನೀವು ಇನ್ನೊಂದು ಮಾಡಿಸಿದ್ದೀರಿ, ಅದೂ ಅವಳ ಒಡಹುಟ್ಟಿದ ಅಣ್ಣನ ಜೊತೆ. ಬಲ್ಮಠದ ಸಭಾಂಗಣದಲ್ಲಿ ದೀಪ ಹಚ್ಚಿ, ಗೋಡೆಗೆ ಚಾರ್ಟು ತೂಗಿಸಿ, ಊರನ್ನೆಲ್ಲ ಕರೆದು ಮಾಡಿಸಿದ್ದೀರಿ. ಅಷ್ಟಕ್ಕೇ ನಿಲ್ಲದೆ ಆ ಅಣ್ಣ ತಂಗಿಯ ಕೋರ್ಟು ಕಾಗದಗಳ ಮೇಲೆ "ದಂಪತಿಗಳ ಕಲಹ, ಐತಿಹಾಸಿಕ ಮಹತ್ವವಿಲ್ಲ" ಎಂದು ಚೀಟಿ ಅಂಟಿಸಿ, ಬರುವ ತಿಂಗಳು ರದ್ದಿಗೆ ಹಾಕುವ ಕಟ್ಟುಗಳ ಜೊತೆ ಸೇರಿಸಿದ್ದೀರಿ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ವಿವರ.

ನಾನು ಐಗಳ ಶಾಲೆಯಲ್ಲಿ ಮೂರನೇ ಕ್ಲಾಸಿನ ತನಕ ಕಲಿತವಳು. ಈ ಪತ್ರದ ಕಾಗುಣಿತವನ್ನು ಕಾಲೇಜಿಗೆ ಹೋಗುವ ಮೊಮ್ಮಗಳು ಆಶಾಲತಾ ತಿದ್ದಿದ್ದಾಳೆ. ಬೈಗುಳವನ್ನೂ ತಿದ್ದಲು ಹೊರಟಿದ್ದಳು, ಅದಕ್ಕೆ ನಾನು ಬಿಡಲಿಲ್ಲ.

ನಮ್ಮದು ಕುಲಶೇಖರದಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆ. ದೊಡ್ಡ ಕಂಬದ ಚಾವಡಿಯ ಗುತ್ತಿನ ಮನೆತನ ಅಲ್ಲ, ಆದರೆ ಕಾಗದಕ್ಕೆ ಕೊರತೆ ಇರಲಿಲ್ಲ. ಎಪ್ಪತ್ತೆಂಟನೇ ಇಸವಿಯಲ್ಲಿ ನಿಮ್ಮ ಕಚೇರಿಯ ಜೀಪು ಬಂದು ಆ ಕಾಗದದ ಟ್ರಂಕನ್ನು ಕೊಂಡುಹೋಯಿತು. ಕೊಟ್ಟವನು ನನ್ನ ಅಣ್ಣ ಶೀನಪ್ಪ, ಆಗ ಮನೆಯ ಯಜಮಾನ. ನಿಮ್ಮವರು ಯಾರೋ ಭಾಷಣದಲ್ಲಿ "ಸಾಮಾನ್ಯ ಜನರ ಚರಿತ್ರೆ" ಎಂದಿದ್ದರಂತೆ. ಅಣ್ಣನಿಗೆ ಆ ಮಾತು ಬೆಲ್ಲದ ಹಾಗೆ ಹಿಡಿಸಿತು. "ಗುಲಾಬೀ, ನಮ್ಮ ಮನೆಯ ಕಾಗದವನ್ನೂ ಇನ್ನು ಓದುವವರು ಓದ್ತಾರೆ" ಎಂದು ಎರಡು ದಿನ ಅದನ್ನೇ ಹೇಳಿಕೊಂಡು ತಿರುಗಿದ. ಅವನು ತೀರಿಕೊಂಡು ಎರಡು ವರ್ಷವಾಯಿತು. ನೀವು ಹೇಗೆ ಓದಿದ್ದೀರಿ ಎಂದು ನೋಡುವ ಭಾಗ್ಯ ಅವನಿಗೆ ಸಿಗಲಿಲ್ಲ. ದೇವರು ಒಮ್ಮೊಮ್ಮೆ ಸರಿಯಾದ ಹೊತ್ತಿಗೆ ಕರೆಸಿಕೊಳ್ಳುತ್ತಾನೆ.

ಆ ಭಾಗ್ಯ ನನ್ನದಾಯಿತು. ನಿಮ್ಮ ಪ್ರದರ್ಶನಕ್ಕೆ ಆಶಾಲತಾಳ ಜೊತೆ, ನೆರೆಮನೆಯ ಡುಲ್ಸಿನ್ ಬಾಯಿಯನ್ನೂ ಕರೆದುಕೊಂಡು, ಪೆಟ್ಟಿಗೆಯ ಸೀರೆ ಉಟ್ಟು ಹೋದೆ. ಬಾಗಿಲಲ್ಲೇ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ನನ್ನ ಸೋದರಮಾವ ಬೋಜ ಬಂದರಿನಲ್ಲಿ ಟೊಪ್ಪಿ ಕೊಂಡ ಚೀಟಿ. ಕೆಳಗೆ "ಅಂದಿನ ವಾಣಿಜ್ಯ ಜೀವನ" ಎಂದು ದಪ್ಪ ಅಕ್ಷರ. ಆ ಟೊಪ್ಪಿಯನ್ನು ಮಾವ ಒಂದು ದಿನವೂ ಇಟ್ಟುಕೊಳ್ಳಲಿಲ್ಲ, ತಲೆಗೆ ಸಣ್ಣದಾಗುತ್ತಿತ್ತು. ಇರಲಿ, ಗಂಡಸು ಕೊಂಡ ಟೊಪ್ಪಿ, ಚರಿತ್ರೆಗೆ ಸರಿಯಾಗಿ ಕೂತಿರಬಹುದು ಎಂದು ಮುಂದೆ ನಡೆದೆ.

ಮುಂದೆ ಗೋಡೆಯಲ್ಲಿ ನಮ್ಮ ವಂಶವೃಕ್ಷ. ಮೇಲೆ ನೋಣಯ್ಯ. ಪಕ್ಕದಲ್ಲಿ ಆವರಣದೊಳಗೆ "ಪತ್ನಿ ಕಿನ್ನಿ". ಕೆಳಗೆ ಮಗ ಬೋಜ. ಅವನ ಕೆಳಗೆ ಮಗ ಶೀನಪ್ಪ. ಅದರ ಕೆಳಗೆ ಕೆಂಪು ಶಾಯಿಯಲ್ಲಿ "ವಾರಸುದಾರರಿಲ್ಲ, ಕುಟುಂಬ ನಿಂತುಹೋಗಿದೆ".

ಡುಲ್ಸಿನ್ ಬಾಯಿ ಕನ್ನಡಕ ಒರೆಸಿ ಎರಡು ಸಲ ಓದಿದರು.

"ಗುಲಾಬಿಯಕ್ಕ, ಕಿನ್ನಿಯಮ್ಮನಿಗೆ ನೋಣಯ್ಯ ಅಣ್ಣ ಅಲ್ಲವಾ ಆಗ್ಬೇಕು?"

"ಹೌದು ಬಾಯಿ."

"ಮತ್ತೆ ಇಲ್ಲಿ ಎಂತ ಹೀಗೆ ಬರೆದಿದ್ದಾರೆ? ನಮ್ಮ ಇಗರ್ಜಿಯಲ್ಲಾದರೆ ಇದಕ್ಕೆ ಪಾದ್ರಿಗಳು ಒಪ್ಪುವುದಿಲ್ಲಪ್ಪ."

"ವಿಶ್ವವಿದ್ಯಾನಿಲಯದಲ್ಲಿ ಒಪ್ಪುತ್ತಾರೆ ಕಾಣ್ತದೆ" ಎಂದೆ. ಹಿಂದೆ ನಿಂತಿದ್ದ ಶಾಲೆಯ ಮಕ್ಕಳು ನಕ್ಕರು. ಅವರ ಟೀಚರು ಮಾತ್ರ ಆ ಚಾರ್ಟನ್ನು ನೋಟ್ಸಿಗೆ ಇಳಿಸಿಕೊಳ್ಳಲು ಹೇಳುತ್ತಿದ್ದರು.

ಮಾನ್ಯರೇ, ನೀವು ಘಟ್ಟದ ಮೇಲಿನವರೆಂದು ಕೇಳಿದ್ದೇನೆ. ಅದು ತಪ್ಪಲ್ಲ, ಒಳ್ಳೆಯ ರಾಗಿ ಅಲ್ಲಿಂದಲೇ ಬರುತ್ತದೆ. ಆದರೆ ನಮ್ಮ ಕಡೆಯ ಕಾಗದ ಓದುವ ಮೊದಲು ನಮ್ಮ ಕಡೆಯ ಮನೆ ಹೇಗೆ ನಡೆಯುತ್ತಿತ್ತು ಎಂದು ದಾರಿಯಲ್ಲಿ ಹೋಗುವ ಯಾರನ್ನಾದರೂ ಕೇಳಬಹುದಿತ್ತು. ಮೀನಿನ ಬುಟ್ಟಿ ಹೊತ್ತು ಹೋಗುವವಳೂ ಹೇಳುತ್ತಿದ್ದಳು. ನಮ್ಮದು ಅಳಿಯ ಸಂತಾನದ ಕಟ್ಟಳೆ. ಕುಟುಂಬ ನಡೆಯುವುದು ತಾಯಿಯಿಂದ ಮಗಳಿಗೆ. ಯಜಮಾನಿಕೆ ಹೋಗುವುದು ಮಾವನಿಂದ ಅಳಿಯನಿಗೆ, ಎಂದರೆ ತಂಗಿಯ ಮಗನಿಗೆ. ನೋಣಯ್ಯನ ನಂತರ ಬೋಜ ಯಜಮಾನನಾದದ್ದು ಮಗನೆಂದು ಅಲ್ಲ, ತಂಗಿ ಕಿನ್ನಿಯ ಮಗನೆಂದು. ಬೋಜನ ನಂತರ ಶೀನಪ್ಪ ಆದದ್ದು ಬೋಜನ ಅಕ್ಕ ದೇಯಿಯ ಮಗನೆಂದು. ಆ ದೇಯಿ ನನ್ನ ತಾಯಿ. ನಿಮ್ಮ ಚಾರ್ಟಿನಲ್ಲಿ ಅವಳ ಹೆಸರೇ ಇಲ್ಲ. ಮಾವನನ್ನೇ ಅಪ್ಪನನ್ನಾಗಿ ಮಾಡಿದ ಮೇಲೆ ತಾಯಿಯ ಖರ್ಚು ಯಾಕೆ ಎಂದು ಬಿಟ್ಟಿರಬೇಕು.

ನನಗೆ ಪಾಪ ಎನಿಸುವುದು ಕಿನ್ನಿಯ ನಿಜವಾದ ಗಂಡನ ಬಗ್ಗೆ. ಹಂಚಿನ ಕಾರ್ಖಾನೆಯ ಮೇಸ್ತ್ರಿ. ಸಂಜೆ ಬಂದು ಜಗಲಿಯಲ್ಲಿ ಕೂತು ವೀಳ್ಯ ಹಾಕಿ, ಉಂಡು ಮಲಗಿ, ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದ ಸಾಧು ಮನುಷ್ಯ. ನಮ್ಮ ಕಟ್ಟಳೆಯಲ್ಲಿ ಗಂಡ ನೆಂಟನ ಹಾಗೆ, ಅವನ ಹೆಸರು ಹೆಂಡತಿಯ ಮನೆಯ ಕಾಗದಕ್ಕೆ ಬರುವುದಿಲ್ಲ. ಆದ್ದರಿಂದ ನಿಮ್ಮವರಿಗೆ ಅವನು ಸಿಗಲಿಲ್ಲ. ಹೆಂಗಸಿನ ಹೆಸರಿನ ಪಕ್ಕ ಗಂಡಸಿನ ಹೆಸರು ಕಂಡಿತು, ತಾಳಿ ಕಟ್ಟಿಸಿಬಿಟ್ಟಿರಿ. ಬದುಕಿದ್ದಾಗ ಕಾಗದದಲ್ಲಿ ಜಾಗವಿಲ್ಲ, ಸತ್ತ ಮೇಲೆ ಹೆಂಡತಿಯೂ ಇಲ್ಲ. ಇಷ್ಟು ನಷ್ಟ ಅವನಿಗೆ ಕಾರ್ಖಾನೆಯೂ ಮಾಡಿರಲಿಲ್ಲ.

ಮರುದಿನ ಆಶಾಲತಾಳ ಕೈ ಹಿಡಿದು ಕದ್ರಿಯಲ್ಲಿರುವ ನಿಮ್ಮ ಕಚೇರಿಯ ಮೆಟ್ಟಿಲು ಹತ್ತಿದೆ. ಮೊದಲು ಸಿಕ್ಕವರು ಚಾರ್ಟು ಬರೆದ ಸಂಶೋಧಕರು. ಒಳ್ಳೆಯವರು, ಕುರ್ಚಿ ಕೊಟ್ಟರು.

"ಅಜ್ಜಿ, ನೋಣಯ್ಯ ಮತ್ತು ಕಿನ್ನಿ ಒಂದೇ ಮನೆಯಲ್ಲಿ ಇದ್ದರು ಅಲ್ಲವೇ?"

"ಇದ್ದರು."

"ಸಾಯುವವರೆಗೂ?"

"ಸಾಯುವವರೆಗೂ."

"ಅವರ ನಂತರ ಬೋಜ ಯಜಮಾನರು. ಮತ್ತೆ ಇನ್ನೇನು? ಗಂಡ, ಹೆಂಡತಿ, ಮಗ."

"ಮಾರಾಯ್ರೆ, ನಿಮ್ಮ ಮನೆಯಲ್ಲಿ ಅಕ್ಕ ತಂಗಿ ಯಾರೂ ಇಲ್ಲವಾ? ಇದ್ದರೆ ಸ್ವಲ್ಪ ಜಾಗ್ರತೆ. ನಿಮ್ಮ ಹಾಗಿನವರು ಇನ್ನೊಬ್ಬರು ನಾಳೆ ನಿಮ್ಮ ರೇಷನ್ ಕಾರ್ಡು ನೋಡಿಯಾರು."

ಅವರು ಬೆವರು ಒರೆಸಿಕೊಂಡರು. ಕಿನ್ನಿಯ ಕಾಗದಗಳನ್ನು ಒಮ್ಮೆ ತೋರಿಸಿ, ಅದರಲ್ಲೇ ಅಣ್ಣ ತಂಗಿ ಎಂದು ಬರೆದದ್ದು ಉಂಟು ಎಂದೆ. ಆಗ ಅವರು ಹೇಳಿದ್ದು: ಆ ಕಟ್ಟು ವಿಲೇವಾರಿಗೆ ಹೋಗಿದೆ, ಕಪಾಟಿನಲ್ಲಿ ಜಾಗವಿಲ್ಲ, ಸಮಿತಿಯ ರುಜು ಒಂದು ಬಾಕಿ. ಪೂರ್ತಿ ಓದಿದ್ದೀರಾ ಎಂದು ಕೇಳಿದೆ. ಮೊದಲ ಹಾಳೆಯಲ್ಲಿ ಒಂದೇ ಮನೆಯ ಹೆಂಗಸು ಗಂಡಸಿನ ಮೇಲೆ ದಾವೆ ಹಾಕಿದ್ದು ಕಂಡಿತು, ಅಷ್ಟು ಸಾಕಾಯಿತು ಎಂದರು. ಅಲ್ಲಿಂದ ನನ್ನನ್ನು ನಿಮ್ಮ ಕೋಣೆಗೆ ಕಳುಹಿಸಿದರು. ನಮ್ಮಿಬ್ಬರ ಮಾತು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ.

"ನೀವು ದಾನಿಗಳಿಗೆ ಏನಾಗಬೇಕು?" ಎಂದಿರಿ.

"ತಂಗಿ."

"ಮದುವೆಯಾದ ತಂಗಿಯೋ?"

"ಆಗದೆ ಈ ಮೊಮ್ಮಗಳು ಎಲ್ಲಿಂದ ಬಂದಳು?"

"ಹಾಗಾದರೆ ನೀವು ಗಂಡನ ಮನೆಯವರು. ಈ ಕುಟುಂಬದವರಲ್ಲ."

"ಗಂಡನ ಮನೆಗೆ ನಾನು ಹಬ್ಬಕ್ಕೆ ಹೋದವಳು ಸ್ವಾಮಿ. ಹುಟ್ಟಿದ್ದು, ಹೆತ್ತದ್ದು, ಈಗ ಮುದುಕಿ ಆದದ್ದು ಎಲ್ಲ ಅದೇ ಮನೆಯಲ್ಲಿ."

ನೀವು ಆಗ ಕಾನೂನು ತೆಗೆದಿರಿ. ಐವತ್ತಾರರ ಹಿಂದೂ ವಾರಸು ಕಾಯಿದೆ ಬಂದ ಮೇಲೆ ಈ ಅಳಿಯ ಸಂತಾನವೆಲ್ಲ ಮುಗಿಯಿತಲ್ಲ ತಾಯಿ ಎಂದಿರಿ. ಆಸ್ತಿ ಪಾಲಿನ ಲೆಕ್ಕ ಬದಲಾಯಿತು, ಒಪ್ಪಿದೆ. ನಾವೂ ಪಾಲು ಮಾಡಿಕೊಂಡವರೇ. ಆದರೆ ಕಿನ್ನಿ ಕೋರ್ಟಿಗೆ ಹೋದದ್ದು ಮದರಾಸು ಸರಕಾರದ ಕಾಲದಲ್ಲಿ. ದಿಲ್ಲಿಯ ಕಾಯಿದೆ ಹಿಮ್ಮುಖವಾಗಿ ನಡೆದುಬಂದು ಸತ್ತವರ ಅಣ್ಣನನ್ನು ಗಂಡನನ್ನಾಗಿ ಮಾಡುವಷ್ಟು ಬಲದ್ದೆಂದು ನನಗೆ ಗೊತ್ತಿರಲಿಲ್ಲ. ಹಾಗೆ ಮಾಡುತ್ತದೆಂದು ದಿಲ್ಲಿಯವರಿಗೂ ಗೊತ್ತಿರಲಿಕ್ಕಿಲ್ಲ.

ಆ ಕೇಸು ಏನೆಂದು ನಿಮ್ಮವರು ಎರಡನೇ ಹಾಳೆ ತಿರುಗಿಸದ ಕಾರಣ ನಾನೇ ಹೇಳುತ್ತೇನೆ. ನೋಣಯ್ಯನಿಗೆ ತನ್ನ ಗಂಡುಮಕ್ಕಳಿಗೆ ಬಂದರಿನಲ್ಲಿ ಅಂಗಡಿ ಇಟ್ಟುಕೊಡುವ ಆಸೆಯಾಯಿತು. ಮಕ್ಕಳ ಮೇಲಿನ ಪ್ರೀತಿ ತಪ್ಪಲ್ಲ. ಆದರೆ ಆ ಮಕ್ಕಳು ಅವರ ತಾಯಿಯ ಮನೆಗೆ ಸೇರಿದವರು, ಅಂಗಡಿಗಾಗಿ ಮಾರಲು ಹೊರಟದ್ದು ಕಿನ್ನಿಯ ಮನೆಯೆದುರಿನ ಗದ್ದೆ. "ಅಣ್ಣ, ನಿನ್ನ ಮಕ್ಕಳಿಗೆ ಅಂಗಡಿ ಇಡು, ನಾನು ಬೇಡ ಹೇಳುವುದಿಲ್ಲ. ನನ್ನ ಮಕ್ಕಳ ಅನ್ನದ ಮೇಲೆ ಇಡಬೇಡ" ಎಂದಳು. ಅವನು ಕೇಳಲಿಲ್ಲ. ಅಕ್ಷರ ಬಾರದ ಹೆಂಗಸು ಕುಲಶೇಖರದಿಂದ ನಡೆದು ಹೋಗಿ ಮುನ್ಸೀಫ್ ಕೋರ್ಟಿನಲ್ಲಿ ದಾವೆ ಹಾಕಿದಳು.

ಕೇಸು ನಡೆದಷ್ಟು ಕಾಲವೂ ವಾದಿ ಪ್ರತಿವಾದಿ ಇಬ್ಬರೂ ಒಂದೇ ಮನೆಯಲ್ಲಿ ಇದ್ದರು. ಅಡುಗೆಯೂ ಒಂದೇ. ವಾಯಿದೆಯ ದಿನ ಬೆಳಿಗ್ಗೆ ಅಣ್ಣನಿಗೆ ಗಂಜಿ ಬಡಿಸುವವಳು ಕಿನ್ನಿಯೇ. ನನ್ನ ತಾಯಿ ದೇಯಿ ಆಗ ಸಣ್ಣ ಹುಡುಗಿ, ಒಲೆಯ ಹತ್ತಿರ ಕೂತು ಕೇಳಿದ್ದನ್ನು ನಮಗೆ ನಕ್ಕು ನಕ್ಕು ಹೇಳುತ್ತಿದ್ದಳು.

"ಬೇಗ ಉಣ್ಣು ಅಣ್ಣ, ಇವತ್ತು ನಿನ್ನ ಮೇಲೆ ಸಾಕ್ಷಿ ಉಂಟು."

"ಉಪ್ಪಿನಕಾಯಿ ಎಂತದ್ದು?"

"ಮಾವಿನ ಮಿಡಿಯದ್ದು. ಕೇಸು ನೀನು ಗೆದ್ದರೂ ನಾಳೆ ಅದೇ, ನಾನು ಗೆದ್ದರೂ ನಾಳೆ ಅದೇ."

ಒಂದೇ ದಾರಿಯಲ್ಲಿ ಇಬ್ಬರೂ ಹೋಗುತ್ತಿದ್ದರು. ಅಣ್ಣ ಮುಂದೆ, ತಂಗಿ ಹಿಂದೆ. ಕೋರ್ಟಿನ ಗೇಟಿನಲ್ಲಿ ಬೇರೆಯಾಗಿ ಅವರವರ ವಕೀಲರ ಹತ್ತಿರ ನಿಲ್ಲುವುದು, ಮುಗಿದ ಮೇಲೆ ಒಬ್ಬರಿಗೊಬ್ಬರು ಕಾದು ಒಟ್ಟಿಗೆ ಮನೆಗೆ ಬರುವುದು. ಕಿನ್ನಿ ಗೆದ್ದಳು. ಆ ರಾತ್ರಿಯೂ ಅಣ್ಣ ಉಂಡದ್ದು ಅವಳ ಕೈಯಡುಗೆಯನ್ನೇ. ಇದಕ್ಕೆ ನೀವು ದಂಪತಿಗಳ ಕಲಹ ಎಂದು ಹೆಸರಿಟ್ಟಿರಿ. ಗಂಡ ಹೆಂಡತಿ ಇಷ್ಟು ಮರ್ಯಾದೆಯಿಂದ ಜಗಳ ಮಾಡಿದ್ದನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಆ ಕಟ್ಟಿನಲ್ಲಿ ಕಿನ್ನಿಯ ಹೇಳಿಕೆ ಇದೆ. ಅವಳು ತುಳುವಿನಲ್ಲಿ ಹೇಳಿದ್ದನ್ನು ಗುಮಾಸ್ತ ಕನ್ನಡದಲ್ಲಿ ಬರೆದುಕೊಂಡದ್ದು. ಅಣ್ಣ ಶೀನಪ್ಪ ಒಮ್ಮೆ ಅದನ್ನು ಗಟ್ಟಿಯಾಗಿ ಓದಿ ಹೇಳಿದ್ದ. ಅವಳು ಮಾತಿನ ನಡುವೆ ಗುಮಾಸ್ತನಿಗೇ "ನೀನು ಮೊದಲು ಸರಿಯಾಗಿ ಕೇಳು, ಮತ್ತೆ ಬರೆ" ಎಂದದ್ದೂ ಅದರಲ್ಲಿ ಬಂದಿದೆ, ಪುಣ್ಯಾತ್ಮ ಅದನ್ನೂ ಬಿಡದೆ ಬರೆದಿದ್ದಾನೆ. ನಮ್ಮ ಮನೆಯ ಅಷ್ಟು ತಲೆಮಾರಿನ ಹೆಂಗಸರಲ್ಲಿ ಒಬ್ಬಳ ಸ್ವರ ಉಳಿದಿರುವ ಜಾಗ ಆ ಒಂದು ಹಾಳೆ. ಫೋಟೋ ಇಲ್ಲ, ರುಜು ಇಲ್ಲ, ಸಮಾಧಿ ಇಲ್ಲ. ಅದು ಬಂದರಿನ ಅಂಗಡಿಯಲ್ಲಿ ಒಣಮೀನು ಕಟ್ಟಲು ಹೋಗಬೇಕು, ಬೋಜ ಮಾವನ ಟೊಪ್ಪಿಯ ಚೀಟಿ ಗಾಜಿನೊಳಗೆ ಇರಬೇಕು. ಇದು ನಿಮ್ಮ ಸಾಮಾನ್ಯ ಜನರ ಚರಿತ್ರೆ.

ಇನ್ನು ನಮ್ಮ ಕುಟುಂಬ ನಿಂತುಹೋದ ಕಥೆ. ಅಣ್ಣ ಶೀನಪ್ಪ ತೀರಿಕೊಂಡ ಮೇಲೆ ನೀವು ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಅವನ ಮಗ ಚಿತ್ತರಂಜನನಿಗೆ ಪತ್ರ ಹಾಕಿದಿರಿ: ನೀವೇ ವಾರಸುದಾರರು, ಕಾಗದ ವಿಲೇವಾರಿಗೆ ಒಪ್ಪಿಗೆ ಕೊಡಿ ಎಂದು. ಅವನು ಮರ್ಯಾದಸ್ಥ. ನಾನು ಆ ಕುಟುಂಬದವನಲ್ಲ, ನನ್ನದು ನನ್ನ ತಾಯಿಯ ಮನೆ ಎಂದು ಸತ್ಯ ಬರೆದ. ಅದನ್ನು ಓದಿ, ಹಾಗಾದರೆ ಯಾರ ಕುಟುಂಬ ಎಂದು ಕೇಳುವ ಬದಲು, ನೀವು ಕೆಂಪು ಶಾಯಿ ತೆಗೆದಿರಿ. ಮೊನ್ನೆ ಅವನು ನನಗೆ ಬರೆದಿದ್ದಾನೆ: "ಮಾಮಿ, ಸತ್ಯ ಹೇಳಿದ್ದಕ್ಕೆ ನಿಮ್ಮನ್ನೆಲ್ಲ ಕೊಂದುಬಿಟ್ಟರಲ್ಲ. ನಾನೀಗ ಸೂತಕ ಹಿಡಿಯಬೇಕೋ ಬೇಡವೋ?" ಬೇಡ ಎಂದು ಉತ್ತರ ಹಾಕಿಸಿದೆ. ನಿಂತುಹೋದ ಈ ಕುಟುಂಬದಲ್ಲಿ ಅದೇ ವಾರ ನನ್ನ ಮಗಳು ಶಶಿಪ್ರಭಾಳ ಕಿರಿಯ ಮಗಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ನಮ್ಮ ಲೆಕ್ಕದಲ್ಲಿ ಕುಟುಂಬ ಬೆಳೆಯಿತು, ನಿಮ್ಮ ಲೆಕ್ಕದಲ್ಲಿ ಏನೂ ಆಗಲಿಲ್ಲ.

ಅಂದು ಹೊರಡುವಾಗ ನೀವು, "ಏನಿದ್ದರೂ ಲಿಖಿತದಲ್ಲಿ ಕೊಡಿ" ಎಂದಿರಿ. ಇದೋ ಕೊಟ್ಟಿದ್ದೇನೆ. ನಿಮಗೊಬ್ಬರಿಗೆ ಕೊಟ್ಟರೆ ಇದೂ ರದ್ದಿಯ ಕಟ್ಟಿಗೆ ಸೇರೀತು ಎಂಬ ಹೆದರಿಕೆಯಿಂದ ಪತ್ರಿಕೆಯ ಮೂಲಕ ಊರಿಗೆಲ್ಲ ಕೊಟ್ಟಿದ್ದೇನೆ.

ನಾನು ಕೇಳುವುದು ದೊಡ್ಡದಲ್ಲ. ಆ ಚಾರ್ಟನ್ನು ಇಳಿಸಿ. ಹೊಸತು ಬರೆಯುವಾಗ ಕಿನ್ನಿಯಿಂದ ಸುರು ಮಾಡಿ ಹೆಂಗಸರ ದಾರಿಯಲ್ಲಿ ಕೆಳಗೆ ಬನ್ನಿ, ಗಂಡಸರನ್ನು ಪಕ್ಕದಲ್ಲಿ ಬರೆಯಿರಿ, ಬಿಡುವುದು ಬೇಡ. ಕಿನ್ನಿಯ ಹೆಸರಿನ ಕೆಳಗೆ "ವಾದಿ" ಎಂದು ಹಾಕಿ.

ಕಟ್ಟಿನ ವಿಷಯ ಮಾತ್ರ ಕೇಳುವುದಲ್ಲ, ಹೇಳುವುದು. ಅಂದು ಮುನ್ಸೀಫರು ಕೊಟ್ಟ ತೀರ್ಪು ಏನೆಂದರೆ, ಯಜಮಾನನು ಮನೆಯ ಸೊತ್ತನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ, ಮನೆಯ ಹೆಂಗಸರ ಒಪ್ಪಿಗೆಯಿಲ್ಲದೆ ಅದನ್ನು ಕೈಬಿಡುವ ಹಕ್ಕು ಅವನಿಗಿಲ್ಲ. ಅದಕ್ಕೇ ಎಪ್ಪತ್ತೆಂಟರಲ್ಲಿ ಶೀನಪ್ಪ ಟ್ರಂಕು ಕೊಡುವ ಮೊದಲು ನನ್ನ ಹತ್ತಿರ ಬಂದು, "ಕೊಡುವುದಾ ಗುಲಾಬೀ?" ಎಂದು ಕೇಳಿದ್ದ. ಕೊಡು ಎಂದಿದ್ದೆ. ನಾನು ಒಪ್ಪಿದ್ದು ಇಡಲಿಕ್ಕೆ. ಈಗ ಆ ಕಾಗದ ನೋಡಿಕೊಳ್ಳುವ ಯಜಮಾನರು ನೀವು. ಬಿಸಾಡಲು ಈ ಮನೆಯ ಹಿರಿಯ ಹೆಂಗಸಿನ ಒಪ್ಪಿಗೆ ಇಲ್ಲ. ನಿಮ್ಮ ಸಮಿತಿ ಕೂರುವ ದಿನ ನಾನು ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ಕೂರುತ್ತೇನೆ. ಬೇಕಾದರೆ ನಿಮಗೂ ಗಂಜಿ ತರುತ್ತೇನೆ, ಕಟ್ಟನ್ನು ಮಾತ್ರ ಹೊರಗೆ ಬಿಡುವುದಿಲ್ಲ.

ಇಂತಿ,
ತಮ್ಮ ಕಚೇರಿಯ ಪ್ರಕಾರ ಯಾರ ಮಗಳೂ ಅಲ್ಲದ, ಯಾರ ತಂಗಿಯೂ ಅಲ್ಲದ,
ಕುಲಶೇಖರದ ಮುದುಕಿ
ಗುಲಾಬಿ