ಬೆಂಚು ಬದಲಿಸಿದವಳು

ಮೇ ೧೪, ಬುಧವಾರ

ರಾಹೇಲಳಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಊಟ ಮಾಡುವಾಗಲೂ ಅದೇ ಯೋಚನೆ.

ಹನ್ನೊಂದು ವರ್ಷದಿಂದ ನಮ್ಮ ಹೆಂಗಸರ ಮನೆಪ್ರಾರ್ಥನೆಯ ಕೂಟ ನಡೆಸುತ್ತಿರುವವಳು ನಾನು. ರಬ್ಬರ್ ಹಾಲು ಇಳಿಸುವ ರಾಹೇಲ್ ಮೊದಲೆಲ್ಲ ಬಾಗಿಲ ಹತ್ತಿರ ಕೂರುತ್ತಿದ್ದಳು. ಪ್ರಾರ್ಥನೆ ಮಾಡು ಎಂದರೆ ಕಾಫಿ ಕಾಯಿಸಲು ಓಡುತ್ತಿದ್ದಳು. ಇವತ್ತು ಎಲ್ಲರ ಎದುರಿಗೇ ಕೇಳಿಬಿಟ್ಟಳು.

"ಕೊಚ್ಚಮ್ಮ, ಇಗರ್ಜೀಲಿ ಪಾದ್ರಿ ಅಚ್ಚನ್ ಕೊಟ್ಟ ಸಮಾಧಾನಾನ ಪಕ್ಕದವರ ಕೈ ಹಿಡಿದು ದಾಟಿಸೋ ಹೊತ್ತಿಗೆ ನೀವು ಬೆಂಚು ಬದಲಾಯಿಸ್ತೀರಲ್ಲ, ಏಲಿಕ್ಕುಟ್ಟಿ ಕೈ ಹಿಡೀಬೇಕಾಗುತ್ತೆ ಅಂತ ತಾನೇ?"

"ಸೊಂಟನೋವು ಕಣೆ."

"ಐದು ಭಾನುವಾರಾನೂ ಅದೇ ಹೊತ್ತಿಗೆ ನೋವಾ?"

ಯಾರೂ ನಗಲಿಲ್ಲ. ಈಸ್ಟರ್ ಹಾಡಿನ ಅಭ್ಯಾಸದಲ್ಲಿ ನನ್ನ ನಾದಿನಿ ಏಲಿಕ್ಕುಟ್ಟಿ, "ಅತ್ತಿಗೆ ಗಂಟಲು ಹೋಯ್ತು, ಇನ್ನು ಹಿಂದಿನ ಸಾಲಲ್ಲಿ ನಿಂತ್ಕೊಳ್ಳಲಿ" ಎಂದದ್ದು ಎಲ್ಲರಿಗೂ ಗೊತ್ತು.

ರಾಹೇಲ್ ನನ್ನ ತಲೆಯ ಮೇಲೆ ಕೈಯಿಟ್ಟು ನನಗಾಗಿ ಪ್ರಾರ್ಥಿಸಿದಳು. ಅವಳು ತಡವರಿಸಿದಲ್ಲಿ ಉಳಿದವರು ಮುಂದುವರಿಸಿದರು. ರಬ್ಬರ್ ಹಾಲಿನ ವಾಸನೆಯ ಒರಟು ಕೈ. ನನಗೆ ಮೈಯೆಲ್ಲ ಉರಿದುಹೋಯಿತು.

ಆದರೆ ಈಗ ಬರೆಯುತ್ತ ಕೂತರೆ ಎದೆಯುಬ್ಬುತ್ತಿದೆ. ತಪ್ಪು ಕಂಡರೆ ಬೆನ್ನ ಹಿಂದೆ ಆಡಬೇಡಿ, ಮುಖಕ್ಕೇ ಹೇಳಿ, ಹೇಳಿದ ಮೇಲೆ ಕೈಬಿಡಬೇಡಿ ಎಂದು ಇವರಿಗೆ ಕಲಿಸಿದವಳು ನಾನೇ. ನನ್ನ ಹುಡುಗಿಯರು ಬೆಳೆದಿದ್ದಾರೆ, ಕರ್ತನೇ. ಇನ್ನು ನನ್ನನ್ನೂ ಬೆಳೆಸುತ್ತಾರೆ.

ಭಾನುವಾರ ಬೆಂಚು ಬದಲಿಸುವುದಿಲ್ಲ. ನಾನೇ ಮೊದಲು ಕೈ ಚಾಚುತ್ತೇನೆ. ಆದರೂ ಏಲಿಕ್ಕುಟ್ಟಿಗೆ ಒಂದು ಮಾತು ಹೇಳದೆ ಬಿಡುವುದಿಲ್ಲ: ಗಂಟಲು ಹೋಗಿದೆ ಕಣೆ, ನೀನು ಹೇಳಿದ್ದು ನಿಜ.